ತೋಟದ ಮಣ್ಣಿನ ನೀರಿನ ಲೆಕ್ಕ

ಬಾಬಾಬುಡನ್ ಗಿರಿಸಾಲು ನೈಋತ್ಯ ಮಾರುತದ ಬಹುಪಾಲು ಮಳೆಯನ್ನು ತನ್ನ ನೆತ್ತಿಯಲ್ಲೂ ಪಡುವಣ ಇಳಿಜಾರಿನಲ್ಲೂ ಸುರಿಸಿಕೊಳ್ಳುವುದರಿಂದ, ಅದರ ಪೂರ್ವ ಮತ್ತು ಈಶಾನ್ಯಕ್ಕೆ ಹಬ್ಬಿರುವ ಕಡೂರು ಮತ್ತು ಅಜ್ಜಂಪುರದ ಬಯಲುಗಳು ಮಳೆನೆರಳಿನಲ್ಲಿ ಉಳಿದಿವೆ. ಬೀರೂರು–ಚಿಕ್ಕಜಾಜೂರು ರೈಲುಮಾರ್ಗದ ಮೇಲಿರುವ, ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಒಳಪಟ್ಟಿರುವ ಶಿವನಿ, ಮಲೆನಾಡಿಗೆ ಎಷ್ಟೇ ಹತ್ತಿರವಿದ್ದರೂ ಮಳೆಯ ಲೆಕ್ಕದಲ್ಲಿ ಬಯಲುಸೀಮೆಯ ಊರು. ರಾಗಿ, ಜೋಳ, ಈರುಳ್ಳಿಗಳಿಗೆ ಹೆಸರಾದ ಈ ಸೀಮೆಯಲ್ಲಿ ತೆಂಗು ಬಹುಕಾಲದಿಂದ ಇದೆ. ಕೆರೆಯ ಕೆಳಗಿನ ತಂಪು ನೆಲಕ್ಕೆ ಸೀಮಿತವಾಗಿದ್ದ ಅಡಿಕೆಯಾದರೋ ಕೊಳವೆಬಾವಿಗಳು ಬಂದಮೇಲೆ ಹೊಲಗಳಿಗೂ ಹರಡಿದೆ. ಎರಡೂ ತಾಳೆಯ ಕುಲಕ್ಕೆ ಸೇರಿದ ಮರಗಳು. ಎರಡಕ್ಕೂ ವರ್ಷವಿಡೀ ಬೇರಿನ ಬಳಿ ತೇವ ಬೇಕು. ಮಳೆಯಾದರೋ ನಾಲ್ಕೈದು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ಒದಗಿಸಲಾರದು.

ಹೀಗಿರುವಲ್ಲಿ ನೀರನ್ನು ಯಾವಾಗ ಮತ್ತು ಎಷ್ಟು ಕೊಡಬೇಕೆಂಬುದು ಬೇಸಾಯದ ಮುಖ್ಯ ಪ್ರಶ್ನೆಯಾಗುತ್ತದೆ. ಆದರೆ ಅದಕ್ಕೆ ಉತ್ತರ ಸಿಗುತ್ತಿರುವುದು ಸಾಮಾನ್ಯವಾಗಿ ತೋಟದ ಹೊರಗಿನಿಂದ: ತ್ರೀಫೇಸ್ ಕರೆಂಟು ಬಂದಾಗ ಆಟೋಸ್ಟಾರ್ಟರ್ ಮೋಟಾರನ್ನು ಚಾಲೂ ಮಾಡುತ್ತದೆ, ಕರೆಂಟು ಹೋದಾಗ ನೀರು ನಿಲ್ಲುತ್ತದೆ. ಮಣ್ಣಿನಲ್ಲಿ ಆ ಹೊತ್ತಿಗೆ ಎಷ್ಟು ತೇವವಿತ್ತು, ಕೊಟ್ಟ ನೀರಿನಲ್ಲಿ ಎಷ್ಟು ಪಾಲು ಬೇರಿಗೆ ದಕ್ಕಿತು ಎಂಬುದು ಈ ಏರ್ಪಾಟಿನಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಮಣ್ಣಿನ ತೇವಾಂಶವನ್ನು ಅಳೆದು ನೀರಿನ ಸರದಿಯನ್ನು ನಿಗದಿಪಡಿಸುವ ವಿಧಾನವು ಉತ್ತರಿಸಹೊರಟಿರುವುದು ಈ ಪ್ರಶ್ನೆಗಳನ್ನೇ.

ಮರ ತಡವಾಗಿ ತಿಳಿಸುವ ಸಂಗತಿ

ಟೊಮೆಟೊ ಅಥವಾ ಮೆಣಸಿನ ಗಿಡಕ್ಕೆ ನೀರು ಸಾಲದಾದರೆ ಅದರ ಎಲೆ ಅಂದೇ ಮಧ್ಯಾಹ್ನ ಜೋಲುತ್ತದೆ. ನೀರು ಕೊಟ್ಟರೆ ಸಂಜೆಯೊಳಗೆ ಚೇತರಿಸಿಕೊಳ್ಳುತ್ತದೆ. ತಾಳೆ ಜಾತಿಯ ಮರಗಳು ಹೀಗೆ ಬೇಗ ತಿಳಿಸುವುದಿಲ್ಲ. ನೀರಿನ ಅಭಾವ ಆರಂಭವಾದಾಗ ಅವು ಮೊದಲು ಮಾಡುವ ಕೆಲಸವೆಂದರೆ ಎಲೆಯ ಅತಿಸೂಕ್ಷ್ಮ ರಂಧ್ರಗಳಾದ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುವುದು. ಇದರಿಂದ ಮರದೊಳಗಿನ ನೀರು ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆಯಾದರೂ, ಅದೇ ರಂಧ್ರಗಳ ಮೂಲಕ ಒಳಬರಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ನಿಂತು, ಆಹಾರ ತಯಾರಿಕೆ ಕುಗ್ಗುತ್ತದೆ. ಕಾಂಡದಲ್ಲಿ ಸಂಗ್ರಹವಾಗಿರುವ ನೀರೂ ಕೆಲಕಾಲ ನೆರವಿಗೆ ಬರುವುದರಿಂದ ಸೋಗೆ ಹಸಿರಾಗಿಯೇ ಕಾಣುತ್ತಿರುತ್ತದೆ. ಗರಿ ಜೋತುಬಿದ್ದು ಹಳದಿಗೆ ತಿರುಗುವ ಹೊತ್ತಿಗೆ ನಷ್ಟವು ವಾರಗಳಷ್ಟು ಹಳೆಯದಾಗಿರುತ್ತದೆ.

ಆ ನಷ್ಟ ಫಸಲಿನಲ್ಲಿ ಕಾಣಿಸಿಕೊಳ್ಳುವುದು ಇನ್ನೂ ತಡವಾಗಿ. ತೆಂಗಿನ ಸುಳಿಯೊಳಗೆ ಹೊಂಬಾಳೆಯ ಮೊಳಕೆ ರೂಪುಗೊಂಡಂದಿನಿಂದ ಅದರ ಕಾಯಿ ಬಲಿತು ಕೀಳುವವರೆಗೆ ಹೆಚ್ಚುಕಡಿಮೆ 44 ತಿಂಗಳು ಹಿಡಿಯುತ್ತದೆ. ಹೊಂಬಾಳೆ ಒಡೆದ ಮೇಲಿನದು ಅದರಲ್ಲಿ ಕೊನೆಯ ಒಂದು ವರ್ಷ ಮಾತ್ರ. ಆದ್ದರಿಂದ ಒಂದು ಬೇಸಿಗೆಯ ಬರವು ಆ ವರ್ಷ ಹರಳು ಉದುರಿಸುವುದಷ್ಟೇ ಅಲ್ಲದೆ, ಮುಂದಿನ ಮೂರು ನಾಲ್ಕು ವರ್ಷಗಳ ಇಳುವರಿಯನ್ನೂ ತಗ್ಗಿಸಬಲ್ಲದು. ಅಡಿಕೆಯಲ್ಲಿ ಹಿಂಗಾರ ಒಡೆಯುವ ಕಾಲ ಬೇಸಿಗೆಯೇ ಆಗಿರುವುದರಿಂದ, ಬಾವಿಗಳು ಸೊರಗುವ ತಿಂಗಳುಗಳೂ ಮರಕ್ಕೆ ನೀರು ತುಂಬ ಬೇಕಾದ ತಿಂಗಳುಗಳೂ ಒಂದೇ ಆಗಿಬಿಡುತ್ತವೆ. ಇದಕ್ಕೆ ಇನ್ನೊಂದು ಅಂಗರಚನೆಯ ಕಾರಣವೂ ಸೇರುತ್ತದೆ. ಮಾವು, ಹಲಸುಗಳ ಕಾಂಡ ವರ್ಷವರ್ಷಕ್ಕೂ ದಪ್ಪವಾಗುವುದು ತೊಗಟೆಯ ಒಳಗಿರುವ ಬೆಳವಣಿಗೆಯ ಪದರದಿಂದ. ತಾಳೆಗಳಲ್ಲಿ ಆ ಪದರವೇ ಇಲ್ಲ. ಹಾಗಾಗಿ ಬರಗಾಲದಲ್ಲಿ ಸಣಕಲಾಗಿ ರೂಪುಗೊಂಡ ಕಾಂಡದ ಭಾಗ ಮುಂದೆ ಎಷ್ಟೇ ನೀರು ಗೊಬ್ಬರ ಹಾಕಿದರೂ ಸಣಕಲಾಗಿಯೇ ಉಳಿಯುತ್ತದೆ.

ಬೇರಿನ ಸ್ವರೂಪವೂ ಗಮನಾರ್ಹ. ಈ ಮರಗಳಿಗೆ ಆಳಕ್ಕಿಳಿಯುವ ತಾಯಿಬೇರು ಇರುವುದಿಲ್ಲ. ಬುಡದಿಂದ ಹೊರಡುವ ಒಂದೇ ಗಾತ್ರದ ಹಲವಾರು ಬೇರುಗಳು ಸುತ್ತ ಹರಡುತ್ತವೆ. ಅಡಿಕೆಯ ಬೇರುಗಳಲ್ಲಿ ಬಹುಪಾಲು ಬುಡದಿಂದ ಒಂದು ಮೀಟರಿನೊಳಗೆ, ಮೇಲಿನ ಅರವತ್ತು ಸೆಂಟಿಮೀಟರ್ ಮಣ್ಣಿನಲ್ಲಿಯೇ ಇರುತ್ತವೆ; ತೆಂಗಿನವು ಬುಡದಿಂದ ಸುಮಾರು ಎರಡು ಮೀಟರಿನೊಳಗೆ ಹರಡಿ, ಅಡಿಕೆಗಿಂತ ಹೆಚ್ಚು ಆಳಕ್ಕೆ ಇಳಿಯುತ್ತವೆ. ಇದೇ ಕುಲದ ಖರ್ಜೂರದ ಸ್ವಭಾವ ಬೇರೆ. ಕಾಲು ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕೆಂದು ಅರಬರು ಹೇಳುವ ಈ ಮರಕ್ಕೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಬೆಳೆ ನೀರಿನ ಕೈಪಿಡಿಯು 1.5ರಿಂದ 2.5 ಮೀಟರ್ ಬೇರಿನ ಆಳವನ್ನು ಕೊಟ್ಟರೆ, ಇತರ ತಾಳೆಗಳಿಗೆ 0.7ರಿಂದ 1.1 ಮೀಟರನ್ನಷ್ಟೇ ಕೊಡುತ್ತದೆ. ಮರುಭೂಮಿಯ ಖರ್ಜೂರ ಆಳದ ತೇವದ ಆಸರೆಯಲ್ಲಿ ಎರಡು ನೀರಿನ ನಡುವೆ ಹಲವು ದಿನ ತಡೆದುಕೊಳ್ಳಬಲ್ಲದು. ಶಿವನಿಯ ಅಡಿಕೆಗೆ ಆ ಆಸರೆ ಇಲ್ಲ. ಅದರ ಜೀವನ ನಡೆಯುವುದು ಎರಡಡಿ ಮಣ್ಣಿನಲ್ಲಿ. ಆದ್ದರಿಂದ ಲೆಕ್ಕವೂ ಆ ಎರಡಡಿಯದೇ ಆಗಬೇಕು.

ಕೋಡಿಗೂ ತೂಬಿಗೂ ನಡುವಿನ ನೀರು

ಮಣ್ಣು ನೀರನ್ನು ಹಿಡಿದಿಡುವ ಬಗೆಯನ್ನು ಬಯಲುಸೀಮೆಯ ಕೆರೆಯ ಹೋಲಿಕೆಯಿಂದ ಸುಲಭವಾಗಿ ಗ್ರಹಿಸಬಹುದು. ಕೆರೆಗೆ ಎಷ್ಟೇ ನೀರು ಬಂದರೂ ಕೋಡಿಯ ಮಟ್ಟ ಮೀರಿದ್ದು ಹರಿದುಹೋಗುತ್ತದೆ; ತೂಬಿನ ಮಟ್ಟಕ್ಕಿಂತ ಕೆಳಗಿನದು ಕೆರೆಯಲ್ಲಿ ಕಾಣುತ್ತಿದ್ದರೂ ಗದ್ದೆಗೆ ಸಿಗುವುದಿಲ್ಲ. ಮಣ್ಣಿಗೂ ಇಂಥ ಎರಡು ಮಟ್ಟಗಳಿವೆ. ಚೆನ್ನಾಗಿ ನೆನೆದ ಮಣ್ಣಿನ ದೊಡ್ಡ ರಂಧ್ರಗಳಿಂದ ನೀರು ಒಂದೆರಡು ದಿನ ಕೆಳಕ್ಕೆ ಬಸಿದುಹೋಗಿ, ಬಸಿಯುವಿಕೆ ಬಹುಮಟ್ಟಿಗೆ ನಿಂತಾಗ ಉಳಿಯುವ ತೇವವೇ ಮೇಲಿನ ಮಟ್ಟ. ಇದಕ್ಕೆ ಕ್ಷೇತ್ರ ಜಲಧಾರಣ ಸಾಮರ್ಥ್ಯ ಎನ್ನುತ್ತಾರೆ. ಬೇರುಗಳು ಹೀರುತ್ತ ಹೋದಂತೆ ಉಳಿದ ನೀರು ಮಣ್ಣಿನ ಕಣಗಳಿಗೆ ಹೆಚ್ಚು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಸ್ಯ ಇನ್ನು ಎಳೆದುಕೊಳ್ಳಲಾರದೆ ಬಾಡಿ, ರಾತ್ರಿಯ ತಂಪಿನಲ್ಲಿಯೂ ಚೇತರಿಸಿಕೊಳ್ಳದ ಸ್ಥಿತಿ ಕೆಳಗಿನ ಮಟ್ಟ. ಇದು ಶಾಶ್ವತ ಬಾಡುವ ಬಿಂದು. ಎರಡರ ನಡುವಿನದು ಮಾತ್ರ ಲಭ್ಯ ನೀರು. ಬಾಡುವ ಬಿಂದುವಿನ ಕಲ್ಪನೆಯನ್ನು ಬ್ರಿಗ್ಸ್ ಮತ್ತು ಶಾಂಟ್ಜ್ 1912ರಲ್ಲಿ ಪ್ರಯೋಗಗಳಿಂದ ಸ್ಪಷ್ಟಪಡಿಸಿದರೆ, ಜಲಧಾರಣ ಸಾಮರ್ಥ್ಯವೆಂಬ ಕಲ್ಪನೆ ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಕೆಲಸ ಮಾಡುತ್ತಿದ್ದ ವೈಮೇಯರ್ ಮತ್ತು ಹೆಂಡ್ರಿಕ್ಸನ್ ಅವರಿಂದ 1931ರ ಹೊತ್ತಿಗೆ ಬಳಕೆಗೆ ಬಂತು.

ಎರಡು ಮಟ್ಟಗಳ ನಡುವಿನ ಅಂತರ ಮಣ್ಣಿನಿಂದ ಮಣ್ಣಿಗೆ ಬೇರೆಯಾಗುತ್ತದೆ. ಶಿವನಿ–ಅಜ್ಜಂಪುರದ ಸುತ್ತ ಮರಳುಮಿಶ್ರಿತ ಕೆಂಪು ನೆಲವೂ ಎರೆಭೂಮಿಯೂ ಹತ್ತಿರ ಹತ್ತಿರವೇ ಸಿಗುವುದರಿಂದ ಈ ವ್ಯತ್ಯಾಸ ಇಲ್ಲಿ ಕೇವಲ ಪುಸ್ತಕದ ಮಾತಲ್ಲ. ಸಾಮಾನ್ಯ ಅಂದಾಜಿನಂತೆ ಒಂದು ಮೀಟರ್ ಆಳದ ಮರಳುಮಿಶ್ರಿತ ಕೆಂಪುಮಣ್ಣು ಸುಮಾರು 110 ಮಿಲಿಮೀಟರ್ ಲಭ್ಯ ನೀರನ್ನು ಹಿಡಿದರೆ, ಎರೆಮಣ್ಣು 180 ಮಿಲಿಮೀಟರಿನಷ್ಟು ಹಿಡಿಯಬಲ್ಲದು. ಇಲ್ಲಿ ಮಿಲಿಮೀಟರ್ ಎಂದರೆ ಮಳೆಯನ್ನು ಅಳೆಯುವ ಅದೇ ಅಳತೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್ ಆಗುತ್ತದೆ. ಅಡಿಕೆಯ ಅರವತ್ತು ಸೆಂಟಿಮೀಟರ್ ಬೇರಿನ ವಲಯಕ್ಕೆ ಇಳಿಸಿ ನೋಡಿದಾಗ ಕೆಂಪುಮಣ್ಣಿನಲ್ಲಿ 66 ಮಿ.ಮೀ., ಎರೆಯಲ್ಲಿ 108 ಮಿ.ಮೀ. ದಾಸ್ತಾನು ಸಿಗುತ್ತದೆ.

ಈ ದಾಸ್ತಾನು ಪೂರ್ತಿ ಬರಿದಾಗುವವರೆಗೆ ಕಾಯುವಂತಿಲ್ಲ, ಏಕೆಂದರೆ ಬಾಡುವ ಬಿಂದುವಿಗೆ ಬಹಳ ಮೊದಲೇ ಮರ ಪತ್ರರಂಧ್ರಗಳನ್ನು ಮುಚ್ಚತೊಡಗುತ್ತದೆ. ಆದ್ದರಿಂದ ಲಭ್ಯ ನೀರಿನ ಅರ್ಧ ಖರ್ಚಾದಾಗ ಮತ್ತೆ ತುಂಬಿಸುವುದು ಸುರಕ್ಷಿತವೆಂದು ಇಟ್ಟುಕೊಂಡರೆ, ಕೆಂಪುಮಣ್ಣಿನಲ್ಲಿ 33 ಮಿ.ಮೀ., ಎರೆಯಲ್ಲಿ 54 ಮಿ.ಮೀ. ಒಂದು ಸರದಿಯ ನೀರು. ಅಡಿಕೆಯ ಬುಡದ ಸುತ್ತ 1.2 ಮೀಟರ್ ತ್ರಿಜ್ಯದ, ಅಂದರೆ ಸುಮಾರು 4.5 ಚದರ ಮೀಟರ್ ಜಾಗಕ್ಕೆ ಲೆಕ್ಕ ಹಾಕಿದಾಗ ಅದು ಕ್ರಮವಾಗಿ 150 ಮತ್ತು 240 ಲೀಟರ್ ಆಸುಪಾಸಿಗೆ ಬರುತ್ತದೆ. ಕೆಂಪುಮಣ್ಣಿನ ಮರಕ್ಕೆ ಒಮ್ಮೆಗೇ 300 ಲೀಟರ್ ಹಾಯಿಸಿದರೆ ಅರ್ಧದಷ್ಟು ಬೇರಿನ ಕೆಳಕ್ಕೆ ಇಳಿದುಹೋಗುವುದಲ್ಲದೆ, ಹಾಕಿದ ಯೂರಿಯಾದ ಸಾರಜನಕವನ್ನೂ ತನ್ನೊಂದಿಗೆ ಒಯ್ಯುತ್ತದೆ. ಎರೆಯಲ್ಲಿ ಹೆಚ್ಚಿನ ನೀರು ಕೆಳಕ್ಕಿಳಿಯದೆ ನಿಂತು ಗಾಳಿಯ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಅಡಿಕೆಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕಾದ್ದರಿಂದ ಅಲ್ಲಿ ಬಸಿಗಾಲುವೆಯಿಲ್ಲದ ತೋಟ ನೀರಿನ ನಡುವೆಯೇ ಸೊರಗುತ್ತದೆ. ಎರೆಯನ್ನು ಬಿರುಕು ಬಿಡುವಷ್ಟು ಒಣಗಿಸುವುದೂ ತಪ್ಪು: ಮುಂದಿನ ನೀರು ಮಣ್ಣನ್ನು ನೆನೆಸುವ ಬದಲು ಬಿರುಕಿನ ಮೂಲಕ ನೇರವಾಗಿ ಕೆಳಗೆ ಜಾರುತ್ತದೆ.

ಒಂದು ಮರದ ದಿನದ ಖರ್ಚು

ದಾಸ್ತಾನು ತಿಳಿದ ಮೇಲೆ ದಿನದ ಖರ್ಚು ತಿಳಿಯಬೇಕು. ಎಲೆಗಳಿಂದ ನಡೆಯುವ ಬಾಷ್ಪವಿಸರ್ಜನೆ ಮತ್ತು ನೆಲದ ಮೇಲ್ಮೈಯಿಂದ ಆರುವ ನೀರು, ಇವೆರಡೂ ಸೇರಿದ್ದು ತೋಟದ ಖರ್ಚು. ಬಿಸಿಲು, ಗಾಳಿ, ಗಾಳಿಯ ಆರ್ದ್ರತೆ ಇವೆಲ್ಲವುಗಳ ಒಟ್ಟು ಪರಿಣಾಮವನ್ನು ತೋರಿಸುವ ಸರಳ ಉಪಕರಣ ಆವಿಪಾತ್ರೆ. ಸುಮಾರು 1.2 ಮೀಟರ್ ಅಗಲ, 25 ಸೆಂಟಿಮೀಟರ್ ಆಳದ ತೆರೆದ ಲೋಹದ ಪಾತ್ರೆಯಲ್ಲಿ ನೀರು ತುಂಬಿಟ್ಟು, ಮಟ್ಟ ದಿನಕ್ಕೆ ಎಷ್ಟು ಮಿಲಿಮೀಟರ್ ಇಳಿಯಿತೆಂದು ಹವಾಮಾನ ಕೇಂದ್ರಗಳಲ್ಲಿ ಅಳೆಯುತ್ತಾರೆ. ಒಮ್ಮೆ ಕೊಡುವ ನೀರಿನ ಆಳಕ್ಕೂ ಅಷ್ಟು ದಿನಗಳಲ್ಲಿ ಪಾತ್ರೆಯಿಂದ ಆರಿದ ಒಟ್ಟು ನೀರಿಗೂ ಇರುವ ಅನುಪಾತವನ್ನೇ ನೀರಾವರಿಯ ವೇಳಾಪಟ್ಟಿಯಾಗಿ ಬಳಸುವುದು ಭಾರತದ ಕೃಷಿ ಸಂಶೋಧನೆಯಲ್ಲಿ ರೂಢಿಯಾಗಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು 1956ರಲ್ಲಿ ಅಡಿಕೆಗೆಂದೇ ಸ್ಥಾಪಿತವಾಗಿ ಮುಂದೆ ಅದರ ಅಂಗವಾದ ವಿಟ್ಲದ ಕೇಂದ್ರ ಈ ದಿಕ್ಕಿನಲ್ಲಿ ದೀರ್ಘಕಾಲ ಪ್ರಯೋಗ ನಡೆಸಿವೆ. ಪಾತ್ರೆಯಿಂದ 30 ಮಿ.ಮೀ. ಆರಿದಾಗ 30 ಮಿ.ಮೀ. ನೀರು ಕೊಡುವುದು, ಅಂದರೆ ಅನುಪಾತ ಒಂದು ಇರುವುದು, ಅಡಿಕೆಗೆ ತಕ್ಕದ್ದೆಂಬ ಶಿಫಾರಸು ಅಲ್ಲಿಂದ ಬಂದದ್ದು. ಮೇಲಿನ ಕೆಂಪುಮಣ್ಣಿನ 33 ಮಿ.ಮೀ. ಲೆಕ್ಕ ಅದಕ್ಕೆ ಬಹಳ ಹತ್ತಿರವಿದೆ.

ಬೇಸಿಗೆಯ ಬಿರುಸಿನಲ್ಲಿ ಪಾತ್ರೆ ದಿನಕ್ಕೆ 6 ಮಿ.ಮೀ. ಇಳಿಯುತ್ತದೆಂದು ಇಟ್ಟುಕೊಂಡರೆ, ಪಾತಿಗೆ ನೀರು ಹಾಯಿಸುವ ಕೆಂಪುಮಣ್ಣಿನ ತೋಟಕ್ಕೆ ಐದಾರು ದಿನಕ್ಕೊಮ್ಮೆ, ಎರೆಯ ತೋಟಕ್ಕೆ ಒಂಬತ್ತು ದಿನಕ್ಕೊಮ್ಮೆ ಸರದಿ ಬರುತ್ತದೆ. ಅದೇ ಪಾತ್ರೆ ನವೆಂಬರ್–ಡಿಸೆಂಬರಿನ ತಂಪಿನಲ್ಲಿ ದಿನಕ್ಕೆ 4 ಮಿ.ಮೀ. ಇಳಿದರೆ ಸರದಿ ಕ್ರಮವಾಗಿ ಎಂಟು ಮತ್ತು ಹದಿಮೂರು ದಿನಗಳಿಗೆ ಸರಿಯುತ್ತದೆ. ಒಂದೇ ಊರಿನ ಎರಡು ಹೊಲಗಳಿಗೆ, ಒಂದೇ ಹೊಲದ ಎರಡು ಋತುಗಳಿಗೆ ಒಂದೇ ನಿಯಮ ಹೊಂದುವುದಿಲ್ಲವೆಂಬುದಕ್ಕೆ ಇಷ್ಟು ಗುಣಾಕಾರ ಸಾಕು. ಅಶ್ವಿನಿ ಅಥವಾ ಭರಣಿ ಮಳೆ ಒಂದೇ ಸಂಜೆಗೆ 25 ಮಿ.ಮೀ. ಸುರಿದು ನೆಲಕ್ಕೆ ಇಂಗಿದರೆ ನಾಲ್ಕು ದಿನದ ಖರ್ಚು ಜಮೆಯಾದಂತೆ, 5 ಮಿ.ಮೀ. ಬಿದ್ದರೆ ಅದು ಬಹುಮಟ್ಟಿಗೆ ಮೇಲ್ಮೈಯಲ್ಲೇ ಆರಿಹೋಗುವುದರಿಂದ ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು.

ಹನಿ ನೀರಾವರಿಯಲ್ಲಿ ನೆಲವೆಲ್ಲ ಒದ್ದೆಯಾಗದ ಕಾರಣ ಮೇಲ್ಮೈಯ ನಷ್ಟ ತಗ್ಗುತ್ತದೆ. ಪಾತ್ರೆಯಿಂದ ಆರುವ ನೀರಿನ ಶೇಕಡಾ 66ರಷ್ಟನ್ನು ಕೊಟ್ಟರೆ ಸಾಕೆಂಬುದು ತೋಟದ ಬೆಳೆಗಳ ಪ್ರಯೋಗಗಳಿಂದ ಹೊರಬಂದ ಸೂತ್ರ. ದಿನಕ್ಕೆ 6 ಮಿ.ಮೀ. ಆರುವಾಗ ಅದು 4 ಮಿ.ಮೀ. ಆಗುತ್ತದೆ; 4.5 ಚದರ ಮೀಟರಿನ ಅಡಿಕೆಗೆ ದಿನಕ್ಕೆ 18 ಲೀಟರ್, 1.8 ಮೀಟರ್ ತ್ರಿಜ್ಯದ ಪಾತಿಯ ತೆಂಗಿಗೆ ಸುಮಾರು 40 ಲೀಟರ್. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆಯ ಒಂದು ಎಕರೆಯಲ್ಲಿ ಹತ್ತಿರ ಹತ್ತಿರ 550 ಮರಗಳಿರುವುದರಿಂದ ಎಕರೆಗೆ ದಿನಕ್ಕೆ 10,000 ಲೀಟರ್ ಸಾಕು. ಗಂಟೆಗೆ 5,000 ಲೀಟರ್ ಎತ್ತುವ ಕೊಳವೆಬಾವಿಯ ಮೋಟಾರು ಎರಡು ಗಂಟೆಯಲ್ಲಿ ಈ ಕೆಲಸ ಮುಗಿಸುತ್ತದೆ. ಅದನ್ನು ಏಳು ಗಂಟೆ ಓಡಲು ಬಿಟ್ಟರೆ ಒಂದೆಕರೆಗೆ ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ನೀರು ನೆಲದಾಳದಿಂದ ಮೇಲೆ ಬಂದು, ಹೆಚ್ಚಿನ ಪಾಲು ಬೇರಿಗೆ ಸಿಗದೆ ಹೋಗುತ್ತದೆ.

ಮಣ್ಣನ್ನು ಕೇಳುವ ಸಾಧನಗಳು

ಗುಣಾಕಾರದ ಲೆಕ್ಕ ಅಂದಾಜು ಮಾತ್ರ. ತೋಟದ ಇಳಿಜಾರು, ಕಲ್ಲು, ಸಾವಯವ ಅಂಶ, ನಡುವೆ ಹಾಕಿದ ಬಾಳೆ ಮತ್ತು ಕಾಳುಮೆಣಸು, ಇವೆಲ್ಲ ಅದನ್ನು ಆಚೀಚೆ ಮಾಡುತ್ತವೆ. ಅಂದಾಜನ್ನು ತಿದ್ದಬಲ್ಲದ್ದು ಮಣ್ಣಿನ ನೇರ ಅಳತೆ. ಅತ್ಯಂತ ಹಳೆಯ ಮತ್ತು ನಂಬಿಕೆಗೆ ತಕ್ಕ ವಿಧಾನವೆಂದರೆ ಹಸಿ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುವುದು. 118 ಗ್ರಾಂ ಮಣ್ಣು ಒಣಗಿ 100 ಗ್ರಾಂ ಆದರೆ ತೇವಾಂಶ ಶೇಕಡಾ 18. ಉಳಿದ ಎಲ್ಲ ಉಪಕರಣಗಳನ್ನು ಸರಿಹೊಂದಿಸುವುದು ಇದಕ್ಕೆ ಹೋಲಿಸಿಯೇ. ಆದರೆ ಫಲಿತಾಂಶ ಕೈಸೇರುವ ಹೊತ್ತಿಗೆ ಒಂದು ದಿನ ಕಳೆದಿರುವುದರಿಂದ ನಿತ್ಯದ ಬಳಕೆಗೆ ಇದು ಒಗ್ಗುವುದಿಲ್ಲ.

ನಿತ್ಯದ ಬಳಕೆಗೆ ಒಗ್ಗುವುದು ಟೆನ್ಸಿಯೋಮೀಟರ್. ನೀರು ತುಂಬಿದ ಕೊಳವೆಯ ತುದಿಯಲ್ಲಿ ಸೂಕ್ಷ್ಮರಂಧ್ರಗಳ ಪಿಂಗಾಣಿ ಬಟ್ಟಲೊಂದನ್ನು, ಮೇಲ್ತುದಿಯಲ್ಲಿ ನಿರ್ವಾತವನ್ನು ತೋರುವ ಮಾಪಕವನ್ನು ಜೋಡಿಸಿ ಬೇರಿನ ವಲಯದಲ್ಲಿ ಹೂಳುತ್ತಾರೆ. ಮಣ್ಣು ಒಣಗಿದಂತೆ ಬಟ್ಟಲಿನ ಮೂಲಕ ನೀರನ್ನು ಎಳೆಯುತ್ತದೆ. ಆ ಎಳೆತವನ್ನು ಮಾಪಕ ಕಿಲೋಪಾಸ್ಕಲ್ ಎಂಬ ಒತ್ತಡದ ಅಳತೆಯಲ್ಲಿ ತೋರಿಸುತ್ತದೆ. ಇದರ ವಿಶೇಷವೆಂದರೆ ಮಣ್ಣಿನಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ, ಅದನ್ನು ಹೀರಲು ಬೇರು ಎಷ್ಟು ಬಲ ಹಾಕಬೇಕೆಂಬುದನ್ನು ಹೇಳುವುದು. ಹತ್ತರ ಕೆಳಗಿನ ಓದು ಮಣ್ಣು ತೀರ ನೆನೆದಿರುವುದನ್ನು ಸೂಚಿಸುತ್ತದೆ. ಮರಳುಮಿಶ್ರಿತ ನೆಲದಲ್ಲಿ 30ರಿಂದ 50ರ ನಡುವೆ, ಜೇಡಿ ಹೆಚ್ಚಿರುವ ನೆಲದಲ್ಲಿ 50ರಿಂದ 70ರ ನಡುವೆ ನೀರು ಕೊಡುವ ಹೊತ್ತು ಬಂದಿರುತ್ತದೆ. ಎಳೆತ 80 ದಾಟಿದರೆ ಕೊಳವೆಯೊಳಗೆ ಗಾಳಿ ಸೇರಿ ಸಾಧನ ಕೆಲಸ ನಿಲ್ಲಿಸುತ್ತದೆ. ಸಾಧನ ವಾತಾವರಣದ ಒತ್ತಡವನ್ನು ಆಧರಿಸಿರುವುದರಿಂದ ಶಿವನಿಯಂಥ ಎತ್ತರದ ಮೈದಾನದಲ್ಲಿ ಈ ಮಿತಿ ಕರಾವಳಿಗಿಂತ ತುಸು ಕೆಳಗೇ ಬರುತ್ತದೆ.

ಒಂದರ ಬದಲು ಎರಡು ಸಾಧನಗಳನ್ನು 30 ಮತ್ತು 60 ಸೆಂಟಿಮೀಟರ್ ಆಳದಲ್ಲಿ ಹೂಳಿದಾಗ ಅವುಗಳ ಓದು ಇನ್ನಷ್ಟು ಅರ್ಥಪೂರ್ಣವಾಗುತ್ತದೆ. ಮೇಲಿನದು ನೀರನ್ನು ಯಾವಾಗ ಕೊಡಬೇಕೆಂದು ಹೇಳಿದರೆ, ಕೆಳಗಿನದು ಯಾವಾಗ ನಿಲ್ಲಿಸಬೇಕೆಂದು ಹೇಳುತ್ತದೆ: ಕೆಳಗಿನ ಮಾಪಕ ವಾರಗಟ್ಟಲೆ ಹತ್ತರ ಒಳಗೇ ಇದ್ದರೆ ನೀರು ಬೇರನ್ನು ದಾಟಿ ಹೋಗುತ್ತಿದೆ, ಏರುತ್ತಲೇ ಹೋದರೆ ನೀರು ಆಳಕ್ಕೆ ತಲುಪುತ್ತಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ರೂಪಿಸಿದ ತೇವಾಂಶ ಸೂಚಕವು ಅಂಕಿಯ ಬದಲು ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪಗಳಿಂದ ಸ್ಥಿತಿಯನ್ನು ತಿಳಿಸುವುದರಿಂದ ಓದುವುದು ಸುಲಭ. ಮೊಬೈಲಿಗೆ ಮಾಹಿತಿ ಕಳಿಸುವ ವಿದ್ಯುತ್ ಸಂವೇದಕಗಳೂ ಈಗ ಮಾರುಕಟ್ಟೆಯಲ್ಲಿವೆ. ಆದರೆ ಯಾವ ಸಾಧನವೂ ಹೂಳಿದ ಜಾಗಕ್ಕಿಂತ ಹೆಚ್ಚು ತಿಳಿಸಲಾರದು. ಡ್ರಿಪ್ಪರಿನ ಅಡಿಯಲ್ಲೇ ಇಟ್ಟರೆ ಅದು ಸದಾ ಒದ್ದೆಯನ್ನೂ, ಸಾಲಿನ ನಡುವೆ ಇಟ್ಟರೆ ಸದಾ ಒಣಗನ್ನೂ ತೋರಿಸುತ್ತದೆ. ಕೆಂಪುಮಣ್ಣಿನಲ್ಲಿ ಹನಿಯ ನೀರು ಕಿರಿದಾಗಿ ಆಳಕ್ಕೆ, ಎರೆಯಲ್ಲಿ ಅಗಲವಾಗಿ ಮೇಲುಮೇಲಕ್ಕೆ ಹರಡುವುದರಿಂದ, ಒಮ್ಮೆ ನೀರು ಕೊಟ್ಟ ಮರುದಿನ ಎರಡಡಿ ಗುಂಡಿ ತೋಡಿ ತೇವದ ಆಕಾರವನ್ನು ಕಣ್ಣಾರೆ ಕಂಡು, ಬುಡದಿಂದ ಎರಡಡಿಯೊಳಗೆ ಅದರ ಅಂಚಿಗೆ ಹತ್ತಿರದ ಜಾಗವನ್ನು ಆರಿಸುವುದು ಒಳ್ಳೆಯದು. ಸಾಧನವಿಲ್ಲದವರಿಗೂ ಆ ಗುಂಡಿಯ ಮಣ್ಣು ಉಪಯುಕ್ತ: ಒಂದಡಿ ಆಳದ ಮಣ್ಣನ್ನು ಅಂಗೈಯಲ್ಲಿ ಒತ್ತಿದಾಗ ಉಂಡೆಯಾಗಿ ನಿಂತರೆ ಇನ್ನೂ ಕಾಯಬಹುದು, ಪುಡಿಯಾಗಿ ಉದುರಿದರೆ ಸರದಿ ಆಗಲೇ ತಡವಾಗಿದೆ.

ಕರೆಂಟಿನ ವೇಳೆ, ಮಣ್ಣಿನ ವೇಳೆ

ಇಷ್ಟೆಲ್ಲ ತಿಳಿದಿದ್ದರೂ ರೈತರು ಕರೆಂಟು ಇದ್ದಷ್ಟು ಹೊತ್ತು ನೀರು ಹಾಯಿಸುವುದಕ್ಕೆ ಕಾರಣ ಅಜ್ಞಾನವಲ್ಲ. ನಾಳೆ ಕರೆಂಟು ಬಂದೀತೆಂಬ, ಬಾವಿಯಲ್ಲಿ ನೀರು ಉಳಿದೀತೆಂಬ ಖಾತರಿ ಇಲ್ಲದವರು ಇಂದು ಸಿಕ್ಕಷ್ಟನ್ನು ಮಣ್ಣಿಗೆ ಸೇರಿಸಲು ಯತ್ನಿಸುವುದು ಸಹಜ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಹೆಚ್ಚು ಹೊತ್ತು ಓಡಿಸಿದರೆ ಕೈಯಿಂದ ಹಣ ಖರ್ಚಾಗುವುದೂ ಇಲ್ಲ. ಈ ಅನಿಶ್ಚಿತತೆಗೆ ತೇವಾಂಶದ ಲೆಕ್ಕ ಕೊಡುವ ಉತ್ತರ ಸ್ಪಷ್ಟ: ಅರ್ಧಕ್ಕಿಂತ ಹೆಚ್ಚು ತುಂಬಿರುವ ಎರೆಮಣ್ಣು ಎರಡು ದಿನದ ವ್ಯತ್ಯಯವನ್ನು ನಿರಾಯಾಸವಾಗಿ ತಡೆಯುತ್ತದೆ, ಆದ್ದರಿಂದ ಅಲ್ಲಿ ಗಾಬರಿಯ ನೀರು ಅನಗತ್ಯ; ಹನಿ ನೀರಾವರಿಯ ಕೆಂಪುಮಣ್ಣಿನಲ್ಲಿ ಒದ್ದೆಯಾದ ಮಣ್ಣಿನ ಗಾತ್ರವೇ ಚಿಕ್ಕದಾದ್ದರಿಂದ ದಾಸ್ತಾನೂ ಚಿಕ್ಕದು, ಅಲ್ಲಿ ಕರೆಂಟು ಬಂದಾಗ ಮೊದಲ ಸರದಿ ಸಲ್ಲಬೇಕು. ಬುಡಕ್ಕೆ ಸೋಗೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಯ ಹೊದಿಕೆ ಹಾಕಿದರೆ ಮೇಲ್ಮೈಯ ನಷ್ಟ ಇಳಿದು ಎರಡು ಸರದಿಗಳ ಅಂತರ ಹಿಗ್ಗುತ್ತದೆ.

ಲೆಕ್ಕದ ಬೆಲೆ ನಿಚ್ಚಳವಾಗಿ ಕಾಣುವುದು ಬರಗಾಲದಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರ ನಂತರದ ಬೇಸಿಗೆಯಲ್ಲಿ ಅಡಿಕೆ ಸೀಮೆಯ ರೈತರು ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳಲು ಹೆಣಗಿದರು. 10,000 ಲೀಟರಿನ ಒಂದು ಟ್ಯಾಂಕರ್ ಎಂದರೆ ಒಂದೆಕರೆ ಅಡಿಕೆಯ ಒಂದೇ ದಿನದ ಖರ್ಚು. ಇಷ್ಟು ದುಬಾರಿ ನೀರನ್ನು ಇನ್ನೂ ತೇವವಿರುವ ಎರೆಯ ಸಾಲಿಗೆ ಸುರಿಯುವುದಕ್ಕೂ ಬರಿದಾಗಿರುವ ಕೆಂಪುಮಣ್ಣಿನ ಸಾಲಿಗೆ ಸುರಿಯುವುದಕ್ಕೂ ಇರುವ ಅಂತರವನ್ನು ಮಾಪಕವೊಂದೇ ಮುಂಚಿತವಾಗಿ ತೋರಿಸಬಲ್ಲದು, ಏಕೆಂದರೆ ಎರಡೂ ಸಾಲಿನ ಸೋಗೆ ಆ ಹೊತ್ತಿಗೆ ಒಂದೇ ಬಣ್ಣದಲ್ಲಿರುತ್ತದೆ.

ಭದ್ರಾ ಮೇಲ್ದಂಡೆ ಯೋಜನೆ ಈ ಮಾತಿಗೆ ಹೊಸ ಮಹತ್ವ ತಂದಿದೆ. ಭದ್ರಾ ಜಲಾಶಯದಿಂದ 29.9 ಟಿಎಂಸಿ ನೀರನ್ನು ಎತ್ತಿ, ಅಜ್ಜಂಪುರದ ಬಳಿ ಕೊರೆದ ಸುರಂಗದ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣನೆಲಕ್ಕೆ ಹರಿಸುವ ಈ ಯೋಜನೆಯನ್ನು 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯ ಆಧಾರದ ಮೇಲೆಯೇ ರೂಪಿಸಲಾಗಿದೆ. ನಾಲೆಯ ನೀರನ್ನು ಗದ್ದೆಗೆ ಬಿಟ್ಟುಕೊಳ್ಳುವ ಹಳೆಯ ಪದ್ಧತಿಗೆ ಅಲ್ಲಿ ಎಡೆಯಿಲ್ಲ. ಹಂಚಿಕೆಯ ನೀರು ಎಷ್ಟೆಂಬುದು ಮೊದಲೇ ನಿಗದಿಯಾಗಿರುವಾಗ ಅದನ್ನು ಮಣ್ಣಿನ ಸ್ಥಿತಿಗೆ ಹೊಂದಿಸಿ ಬಳಸುವುದು ಅನಿವಾರ್ಯವಾಗುತ್ತದೆ.

ಆದರೆ ಅಳತೆಯಿಂದ ಮರವೊಂದಕ್ಕೆ ನೀರು ಉಳಿದರೆ ಊರಿನ ಅಂತರ್ಜಲವೂ ಉಳಿದೀತೆಂದು ತೀರ್ಮಾನಿಸುವಂತಿಲ್ಲ. ಹನಿ ನೀರಾವರಿ ಬಂದಲ್ಲೆಲ್ಲ ಉಳಿಕೆಯ ನೀರಿಗೆ ಹೊಸ ಸಸಿಗಳನ್ನು ನೆಡುವ ಆಸೆಯೂ ಬಂದಿದೆ. ಎರಡು ಗಂಟೆಯಲ್ಲಿ ಒಂದೆಕರೆ ತಣಿಸುವ ಬಾವಿ ಏಳು ಗಂಟೆಯಲ್ಲಿ ಮೂರೂವರೆ ಎಕರೆ ತಣಿಸಬಹುದೆಂಬ ಲೆಕ್ಕವೂ ಅದೇ ಗುಣಾಕಾರದಿಂದಲೇ ಹುಟ್ಟುತ್ತದೆ. ಪಾತಿಗೆ ಹೆಚ್ಚಾಗಿ ಹಾಯಿಸಿದ ನೀರಿನಲ್ಲಿ ಒಂದಿಷ್ಟು ಕೊನೆಗೆ ನೆಲದಾಳಕ್ಕೆ ಮರಳುವ ಸಾಧ್ಯತೆಯಾದರೂ ಇತ್ತು. ಹೊಸ ಮರಗಳ ಎಲೆಯಿಂದ ಆರಿದ್ದು ಊರಿಗೆ ಮರಳುವುದಿಲ್ಲ. ಆದ್ದರಿಂದ ಬೇರಿನ ವಲಯದ ಜಮಾಖರ್ಚು ಪೂರ್ಣವಾಗುವುದು ಅದರ ಪಕ್ಕದಲ್ಲಿ ಬಾವಿಯ ನೀರಿನ ಮಟ್ಟ, ಊರಿನ ಮಳೆ ಮತ್ತು ತೋಟಗಳ ಒಟ್ಟು ವಿಸ್ತಾರದ ಜಮಾಖರ್ಚನ್ನೂ ಇಟ್ಟಾಗ ಮಾತ್ರ. ಒಂದು ಮರಕ್ಕೆ 18 ಲೀಟರ್ ಸಾಕೆಂದು ಮಣ್ಣು ಹೇಳಬಲ್ಲದು; ಅಂಥ ಎಷ್ಟು ಮರಗಳನ್ನು ಶಿವನಿಯ ಮಳೆ ಪೊರೆಯಬಲ್ಲದೆಂಬುದನ್ನು ಊರಿನವರು ಒಟ್ಟಿಗೆ ಕೂತು ತೀರ್ಮಾನಿಸಬೇಕಾಗುತ್ತದೆ.